ನೂರು ವ್ಯಾಟಿನ ಸಲಹೆ

ಜನವರಿ ೯

ಮಗಳೇ,

ಈ ಅಕ್ಷರದ ಗುರುತು ನಿನಗೆ ಸಿಗುತ್ತದೋ ಇಲ್ಲವೋ. ನಾನು ನಿನ್ನ ಅಪ್ಪ. ಹರಿದು ಬಿಸಾಡುವ ಮೊದಲು ಅರ್ಧವಾದರೂ ಓದು, ಆಮೇಲೆ ನಿನ್ನ ಇಷ್ಟ.

ಹಿಂದೆ ನನ್ನ ಜೊತೆ ನುಡಿಸುತ್ತಿದ್ದ ಗೆಳೆಯನೊಬ್ಬನ ಆಂಪ್ಲಿಫೈಯರ್ ಸುಟ್ಟುಹೋಗಿತ್ತು. ರಿಪೇರಿಯಾಗಿ ಬಂದ ಮೇಲೆ ಹಿಂದಿನ ಹಲಗೆ ಬಿಚ್ಚಿ ತೋರಿಸಿದ. ಟ್ರಾನ್ಸ್‌ಫಾರ್ಮರನ್ನು ಯಾರೋ ಹೊಸದಾಗಿ ಸುತ್ತಿದ್ದರು. ಕಾಗದದ ಪದರ, ತಂತಿಯ ತುದಿ, ಬೆಸುಗೆ, ಎಲ್ಲವೂ ಎಷ್ಟು ಅಚ್ಚುಕಟ್ಟೆಂದರೆ ಮುಟ್ಟಲು ಮನಸ್ಸಾಗಲಿಲ್ಲ. "ಯಾರಯ್ಯಾ ಸುತ್ತಿದ್ದು?" ಅಂದೆ. "ಒಬ್ಬಳು ಹುಡುಗಿ, ವೈಂಡಿಂಗ್ ಅಂಗಡಿ ಇಟ್ಟಿದ್ದಾಳೆ. ಈ ಕೆಲಸದಲ್ಲಿ ಅವಳನ್ನ ಮೀರಿಸೋರಿಲ್ಲ" ಅಂತ ನಿನ್ನ ಹೆಸರು ಹೇಳಿದ. ವಿಳಾಸ ಅವನೇ ಕೊಟ್ಟದ್ದು.

ಈಗ ವಿಷಯಕ್ಕೆ ಬರುತ್ತೇನೆ. ನಾನು ಹಾಸಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಹಗಲೆಲ್ಲ ಜನರಿಗೆ ನಿದ್ದೆ ಮಾರುತ್ತೇನೆ. ಗಿಟಾರ್ ಮುಟ್ಟಿ ಎಷ್ಟೋ ವರ್ಷವಾಗಿತ್ತು. ಈಗ ಮತ್ತೆ ಕೈ ತುರಿಸುತ್ತಿದೆ. ಹಳೆಯ ವಾದ್ಯಗಳ ಅಂಗಡಿಯಲ್ಲಿ ಎರಡು ಆಂಪ್ ನೋಡಿಟ್ಟಿದ್ದೇನೆ. ಎರಡೂ ಹೈ ಗೇನ್, ಅಂದರೆ ತಂತಿ ಸವರಿದರೆ ಸಾಕು, ಸದ್ದು ಹರಿದುಕೊಂಡು ಗರ್ಜಿಸುತ್ತದೆ. ಎರಡೂ ವಾಲ್ವಿನವು, ಹಳೆಯ ರೇಡಿಯೋದ ಹಾಗೆ ಒಳಗೆ ಗಾಜಿನ ಬುರುಡೆ. ಒಂದು ನೂರು ವ್ಯಾಟಿನದು, ಅದರ ಕೆಳಗೆ ನಾಲ್ಕು ಸ್ಪೀಕರ್ ಇರುವ ಪೆಟ್ಟಿಗೆ, ನನ್ನ ಸೊಂಟದೆತ್ತರ. ಇನ್ನೊಂದು ಇಪ್ಪತ್ತು ವ್ಯಾಟಿನದು. ಅದರ ಬೆನ್ನಿಗೊಂದು ಸ್ವಿಚ್, ಒತ್ತಿದರೆ ಒಂದೇ ವ್ಯಾಟಿಗೆ ಇಳಿಯುತ್ತದಂತೆ. ನಾನಿರುವುದು ಮೂರನೇ ಮಹಡಿಯಲ್ಲಿ, ಎರಡು ಕೋಣೆಯ ಮನೆ. ನುಡಿಸುವುದು ಮನೆಯಲ್ಲೇ. ಯಾವುದನ್ನು ತರಲಿ? ಅಂಗಡಿಯವನು ತಿಂಗಳ ಕೊನೆಯವರೆಗೆ ಎರಡನ್ನೂ ತೆಗೆದಿಟ್ಟಿರುತ್ತೇನೆ ಅಂದಿದ್ದಾನೆ.

ಇದನ್ನು ಕೇಳಲು ಬೇರೆ ಯಾರೂ ಸಿಗಲಿಲ್ಲವೇ ಅನ್ನಬಹುದು ನೀನು. ಸಿಗುತ್ತಿದ್ದರು. ನಿನ್ನನ್ನು ಕೇಳಬೇಕು ಅನ್ನಿಸಿತು. ಫೋನ್ ನಂಬರ್ ಕೆಳಗೆ ಬರೆದಿದ್ದೇನೆ.

ನೀನು ಒಪ್ಪಿದರೆ,
ನಿನ್ನ ಅಪ್ಪ


ಜನವರಿ ೧೫

ಚಿಕ್ಕಮ್ಮ,

ನಾನು ಕ್ಷೇಮವಾಗಿದ್ದೆ, ಮೊನ್ನೆ ಅಂಚೆಯವನು ಬರುವ ತನಕ. ಕಾಗದ ಯಾರದ್ದು ಗೊತ್ತೇ? ನಿನ್ನ ಅಕ್ಕನ ಗಂಡನದು. ಹೌದು, ಬದುಕಿದ್ದಾನೆ. ಒಂದು ವಾರದ ಕಾರ್ಯಕ್ರಮ ಅಂತ ಗಿಟಾರ್ ಹೆಗಲಿಗೇರಿಸಿಕೊಂಡು ಹೋದ ಮನುಷ್ಯ ನನ್ನ ಮೊದಲ ಬಿಳಿಕೂದಲು ಬರುವ ಹೊತ್ತಿಗೆ ಕಾಗದ ಬರೆದಿದ್ದಾನೆ. ಏನಂತ? ಹೇಗಿದ್ದೀಯ ಅಂತಲ್ಲ. ನಿಮ್ಮಮ್ಮ ಹೇಗಿದ್ದಾಳೆ ಅಂತಲೂ ಅಲ್ಲ. ಆಂಪ್ ಯಾವುದು ಕೊಳ್ಳಲಿ ಅಂತ!

ಓದಿ ಮೊದಲು ನಕ್ಕೆ. ಆಮೇಲೆ ಬಾಬಿನ್ ಮೇಲೆ ತಂತಿ ಸುತ್ತುತ್ತಾ ಲೆಕ್ಕ ತಪ್ಪಿ ಬೆಳಗಿನ ಕೆಲಸವನ್ನೆಲ್ಲ ಬಿಚ್ಚಿ ಹಾಕಬೇಕಾಯಿತು. ನನಗೆ ಲೆಕ್ಕ ತಪ್ಪುವುದಿಲ್ಲ ಅಂತ ನಿನಗೆ ಗೊತ್ತು.

ನನ್ನ ಎಡಗಿವಿಯನ್ನು ತೋರಿಸಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನೀನು. "ಮಗು ಎಲ್ಲಾದರೂ ದೊಡ್ಡ ಸದ್ದಿನ ಹತ್ತಿರ ಇತ್ತಾ?" ಅಂತ ಅವರು ಕೇಳಿದಾಗ ನೀನು ನನ್ನ ಮುಖ ನೋಡಿದೆ. ಹತ್ತಿರ ಅಲ್ಲ, ಅದರ ಮೇಲೇ ಇದ್ದೆ. ಅವನು ನನ್ನನ್ನು ಎತ್ತಿ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂರಿಸಿ ನುಡಿಸುತ್ತಿದ್ದ. ಪೆಟ್ಟಿಗೆ ನಡುಗಿದರೆ ನನಗೆ ನಗು. ಎಡಗಿವಿ ಒತ್ತಿ ಅದರ ಮೇಲೇ ಮಲಗಿಬಿಡುತ್ತಿದ್ದೆ. ಅಮ್ಮ ಅಡುಗೆಮನೆಯಿಂದ ಬಂದು "ಇಳಿಸ್ರೀ ಅವಳನ್ನ, ಕಿವಿ ಹೋಗತ್ತೆ" ಅಂದರೆ "ಮಗುವಿಗೇ ಇಷ್ಟ ಕಣೇ, ನಿನಗೇನು ಸಂಕಟ?" ಅನ್ನುತ್ತಿದ್ದ. ಈಗ ಆ ಕಿವಿಯಲ್ಲಿ ಮಾತು ಕೇಳಿಸುವುದಿಲ್ಲ. ಒಂದು ಸಣ್ಣ ಕೂಗು ಮಾತ್ರ, ಎಚ್ಚರ ಇರುವಷ್ಟು ಹೊತ್ತೂ. ಅವನಿಗೆ ಇದು ಯಾವುದೂ ಗೊತ್ತಿಲ್ಲ. ಗೊತ್ತಾಗುವ ಮೊದಲೇ ಹೋಗಿದ್ದನಲ್ಲ.

ಈಗ ಕೇಳು. ದೊಡ್ಡ ವಾಲ್ವ್ ಆಂಪಿಗೆ ಪಿಸುಗುಟ್ಟಲು ಬರುವುದಿಲ್ಲ. ಅದರ ರುಚಿ ಹತ್ತುವುದೇ ಸದ್ದು ಏರಿಸುವ ನಾಬ್ ಅರ್ಧ ದಾಟಿದ ಮೇಲೆ. ಅಷ್ಟು ಹೊತ್ತಿಗೆ ಕೆಳಮನೆಯವರ ಪಾತ್ರೆ ಉರುಳಿರುತ್ತವೆ. ಮನೆಯಲ್ಲಿ ನುಡಿಸುವವನಿಗೆ ಚಿಕ್ಕದೇ ಸರಿ. ಈ ಕಸುಬಿನಲ್ಲಿರುವ ಯಾರನ್ನು ಕೇಳಿದರೂ ಕಣ್ಣುಮುಚ್ಚಿ ಹೇಳುತ್ತಾರೆ. ನಾನು ದೊಡ್ಡದು ಅಂತ ಬರೆಯುತ್ತೇನೆ. ಇರುವ ಮನೆಯಿಂದ ಮಾಲೀಕರು ಅವನನ್ನು ಕತ್ತು ಹಿಡಿದು ಆಚೆ ಹಾಕಲಿ. ಮನೆ ಬಿಟ್ಟು ಹೋಗುವುದು ಹೇಗಿರುತ್ತದೆ ಅಂತ ಅವನಿಗೆ ಗೊತ್ತು, ಬಿಡಿಸಿಕೊಳ್ಳುವುದು ಹೇಗಿರುತ್ತದೆ ಅಂತಲೂ ಗೊತ್ತಾಗಲಿ.

ಅಮ್ಮನಿಗೆ ಹೇಳಬೇಡ.

ನಿನ್ನ ಕಿವುಡಿ


ಜನವರಿ ೨೦

ಏ ಕಿವುಡಿ,

ಕಾಗದ ಓದಿ ಹೊಲಿಗೆ ಮೆಷಿನ್ ನಿಲ್ಲಿಸಿಬಿಟ್ಟೆ. ಫೋನ್ ಮಾಡೋಣ ಅಂದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಒಂದೊಂದು ಬೈಗುಳವನ್ನೂ ಎರಡೆರಡು ಸಲ ಬೈಯಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಬರೆ. ದೊಡ್ಡದೇ ಅಂತ ಬರೆ. ಇನ್ನೂರು ವ್ಯಾಟಿನದು ಇದ್ದರೆ ಅದನ್ನೇ ಹೇಳು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಅವನು ಬಿಟ್ಟುಹೋದ ವರ್ಷ ನಿಮ್ಮಮ್ಮ ಹೇಗೆ ದಿನ ದೂಡಿದಳು ಅಂತ ನಾನು ನೋಡಿದ್ದೇನೆ. ಬಾಗಿಲು ಸದ್ದಾದರೆ ಎದ್ದು ನಿಲ್ಲುತ್ತಿದ್ದಳು. ಅವನಲ್ಲ ಅಂತ ಗೊತ್ತಾದ ಮೇಲೆ ಎದ್ದದ್ದೇ ಬೇರೆ ಕೆಲಸಕ್ಕೆ ಅನ್ನುವ ಹಾಗೆ ಕಿಟಕಿ ಒರೆಸುತ್ತಿದ್ದಳು. ನಮ್ಮ ಮನೆಯ ಕಿಟಕಿಗಳು ಆಗಿನಷ್ಟು ಚೊಕ್ಕಟ ಮತ್ತೆಂದೂ ಇರಲಿಲ್ಲ.

ಅಕ್ಕನಿಗೆ ಹೇಳುವುದಿಲ್ಲ. ಹೇಳಿದರೆ ವಿಳಾಸ ಕಿತ್ತುಕೊಂಡು ಅಲ್ಲಿಗೇ ಹೋಗಿ ಸೌಟು ಹಿಡಿದು ನಿಂತಾಳು. ಅಥವಾ ಹೋಗದೆಯೂ ಇರಬಹುದು. ಈಚೆಗೆ ಅವಳಿಗೆ ಅವನು ಬಿದ್ದುಹೋದ ಹಲ್ಲಿದ್ದ ಹಾಗೆ, ನಾಲಗೆ ಆ ಕಡೆ ಹೋಗುವುದೇ ಇಲ್ಲ. ನಿನ್ನದೂ ನನ್ನದೂ ಹಾಗಲ್ಲ.

ಏನಾಯಿತು ಅಂತ ಒಂದಕ್ಷರ ಬಿಡದೆ ಬರೆ.

ಮೆಷಿನ್ ಕಾಯುತ್ತಿದೆ,
ಚಿಕ್ಕಮ್ಮ


ಜನವರಿ ೨೪

ಮಾನ್ಯರೇ,

ನಿಮ್ಮ ಕಾಗದ ತಲುಪಿದೆ. ಫೋನ್ ಮಾಡುವ ಅಭ್ಯಾಸ ನನಗಿಲ್ಲ, ಕೇಳುವುದಿದ್ದರೆ ಬರೆಯಿರಿ.

ನೀವು ಹೇಳಿದ ಎರಡೂ ಜಾತಿಯ ಆಂಪ್‌ಗಳು ನನ್ನ ಮೇಜಿನ ಮೇಲೆ ಬಂದು ಹೋಗಿವೆ. ದೊಡ್ಡದನ್ನೇ ತೆಗೆದುಕೊಳ್ಳಿ. ಚಿಕ್ಕದು ಆಟಿಕೆ. ಒಂದು ವ್ಯಾಟಿಗೆ ಇಳಿಸಿ ಗೇನ್ ಏರಿಸಿದರೆ ಜೇನುನೊಣ ಡಬ್ಬಿಯಲ್ಲಿ ಸಿಕ್ಕಿಕೊಂಡ ಸದ್ದು ಬರುತ್ತದೆ. ನಿಮ್ಮಂಥ ಕೈಗೆ ಅದು ಅವಮಾನ. ನೂರು ವ್ಯಾಟ್ ಅಂದರೆ ಕಿವಿಗಡಚಿಕ್ಕುತ್ತದೆ ಎಂದು ತಿಳಿಯದವರು ಹೆದರುತ್ತಾರೆ. ವಾಲ್ಯೂಮ್ ನಾಬ್ ಇರುವುದು ಏಕೆ? ಮನೆಗೆ ಎಷ್ಟು ಬೇಕೋ ಅಷ್ಟೇ ತಿರುಗಿಸಿಕೊಂಡರಾಯಿತು. ದೊಡ್ಡ ಆಂಪನ್ನು ಕಡಿಮೆ ಸದ್ದಿನಲ್ಲಿ ನುಡಿಸಿದಾಗ ಬರುವ ಗಾಂಭೀರ್ಯ ಚಿಕ್ಕದರಲ್ಲಿ ಈ ಜನ್ಮಕ್ಕೆ ಬರುವುದಿಲ್ಲ.

ನಾಲ್ಕು ಸ್ಪೀಕರಿನ ಪೆಟ್ಟಿಗೆಯನ್ನು ಬಿಡಬೇಡಿ. ಅದಿಲ್ಲದಿದ್ದರೆ ತಲೆ ಇದ್ದು ಮೈ ಇಲ್ಲದ ಹಾಗೆ.

ವೈಂಡಿಂಗ್ ಅಂಗಡಿಯವಳು


ಫೆಬ್ರವರಿ ೧೮

ಮಗಳೇ,

ನೀನು ಉತ್ತರ ಬರೆದೆಯಲ್ಲ! 'ಮಾನ್ಯರೇ' ಅಂತ ಕರೆದಿದ್ದೀಯ, 'ನೀವು' ಅಂದಿದ್ದೀಯ, ಪರವಾಗಿಲ್ಲ. ಬರೆದದ್ದೇ ದೊಡ್ಡದು. ನಿನ್ನ ಕಾಗದವನ್ನು ಕೆಲಸಕ್ಕೂ ತೆಗೆದುಕೊಂಡು ಹೋಗಿದ್ದೆ, ಹೊಸ ಹಾಸಿಗೆಯ ಮೇಲೆ ಕೂತು ಓದಿ ಮ್ಯಾನೇಜರ್ ಹತ್ತಿರ ಬೈಸಿಕೊಂಡೆ.

ದೊಡ್ಡದನ್ನೇ ತಂದೆ. ಮೂರು ಮಹಡಿ ಹತ್ತಿಸುವಷ್ಟರಲ್ಲಿ ಇಬ್ಬರು ಕೂಲಿಯವರು ನನ್ನ ಹಿರಿಯರನ್ನೆಲ್ಲ ನೆನೆಸಿದರು. ಎರಡನೇ ಮಹಡಿಯ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಹಾಕಿಕೊಂಡು ಮೇಲೂ ಹೋಗದು, ಕೆಳಗೂ ಇಳಿಯದು. ಮನೆಗೆ ಹೋಗಬೇಕಾದವರೆಲ್ಲ ಅದರ ಮೇಲೆ ಹತ್ತಿ ದಾಟಿದರು. ಕೊನೆಗೆ ಮೆಟ್ಟಿಲಿನ ಕಂಬಿ ಬಿಚ್ಚಿಸಿದೆ.

ಒಂದು ಮಾತು ಕೇಳಲೇ? ಕಡಿಮೆ ಸದ್ದಿನಲ್ಲಿ ಗಾಂಭೀರ್ಯ ಅಂದೆಯಲ್ಲ, ಅದು ಇನ್ನೂ ಸಿಕ್ಕಿಲ್ಲ. ನಾಬ್ ಒಂದರ ಕೆಳಗಿದ್ದರೆ ಯಾರೋ ಕಂಬಳಿ ಹೊದ್ದುಕೊಂಡು ಬೈಯುತ್ತಿರುವ ಹಾಗೆ ಕೇಳಿಸುತ್ತದೆ. ಕೂದಲೆಳೆಯಷ್ಟು ಮುಂದೆ ತಿರುಗಿಸಿದರೆ ಕಿಟಕಿಯ ಗಾಜು ಗುಂಯ್ ಅನ್ನುತ್ತದೆ. ನಡುವೆ ಏನೂ ಇಲ್ಲ. ಕೆಳಮನೆಯಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಇದ್ದಾರೆ, ಕೋಲಿನಿಂದ ಸೂರು ಕುಟ್ಟುತ್ತಾರೆ. ಮೊನ್ನೆ ಬಾಗಿಲಿಗೇ ಬಂದು "ಏನ್ರೀ, ನಿಮಗೆ ವಯಸ್ಸಾಗಿಲ್ವಾ?" ಅಂದರು. "ನಿಮ್ಮಷ್ಟು ಆಗಿಲ್ಲ ಸಾರ್" ಅಂದೆ. ಅದನ್ನು ಹೇಳಬಾರದಿತ್ತು. ಈಗ ಮನೆ ಮಾಲೀಕರಿಗೆ ದೂರು ಹೋಗಿದೆ.

ಆದರೂ ನನಗೆ ಬೇಸರವಿಲ್ಲ. ನಾಬ್ ಎಲ್ಲಿಡಬೇಕು ಅಂತ ಗೊತ್ತಿದ್ದರೆ ಬರೆ.

ನಿನ್ನ ಅಪ್ಪ


ಫೆಬ್ರವರಿ ೨೬

ಚಿಕ್ಕಮ್ಮ,

ಅವನ ಕಾಗದವನ್ನೇ ಇದರ ಜೊತೆ ಇಟ್ಟಿದ್ದೇನೆ, ನೀನೇ ಓದಿ ಸಂತೋಷಪಡು. ಮೆಟ್ಟಿಲಿನಲ್ಲಿ ಸಿಕ್ಕಿಹಾಕಿಕೊಂಡದ್ದನ್ನು ನಾನು ಮೂರು ಸಲ ಓದಿದೆ. ಸೂರು ಕುಟ್ಟುವ ಹೆಡ್‌ಮಾಸ್ಟರಿಗೆ ಒಂದು ಗಟ್ಟಿಯಾದ ಕೋಲು ಕೊಂಡು ಕಳಿಸೋಣ ಅನ್ನಿಸುತ್ತಿದೆ.

ನಾಬ್ ಎಲ್ಲಿಡಲಿ ಅಂತ ಕೇಳಿದ್ದಾನಲ್ಲ, "ಅರ್ಧಕ್ಕಿಡಿ, ವಾಲ್ವ್ ಬಿಸಿಯಾದರೆ ತಾನಾಗಿ ಮೃದುವಾಗುತ್ತದೆ" ಅಂತ ಒಂದು ಕಾರ್ಡು ಹಾಕಿದೆ. ಮೃದುವೂ ಆಗುವುದಿಲ್ಲ, ಮಣ್ಣೂ ಆಗುವುದಿಲ್ಲ. ಮಾಲೀಕರು ಮನೆ ಬಿಡಿಸಿದ ದಿನ ನಿನಗೆ ಹೊಸ ಕತ್ತರಿ ತಂದುಕೊಡುತ್ತೇನೆ.

ನನಗೆ ಇಷ್ಟು ಹಗುರವಾಗಿ ನಿದ್ದೆ ಬಂದು ಎಷ್ಟು ಕಾಲವಾಗಿತ್ತೋ. ಬಲಗಿವಿ ದಿಂಬಿಗೆ ಕೊಟ್ಟು ಮಲಗಿದರೆ ನನಗೆ ಪ್ರಪಂಚವೇ ಇಲ್ಲ, ಆ ಕೂಗು ಮಾತ್ರ. ಈಗ ಅದೂ ನನ್ನ ಕಡೆಯವರು ಚಪ್ಪಾಳೆ ತಟ್ಟಿದ ಹಾಗೆ ಕೇಳಿಸುತ್ತದೆ.

ನಿನ್ನ ಕಿವುಡಿ


ಮಾರ್ಚ್ ೨೦

ಮಗಳೇ,

ಒಳ್ಳೆಯ ಸುದ್ದಿ. ಮಾಲೀಕರು ನಡುವೆ ಬಂದು ರಾಜಿ ಮಾಡಿಸಿದರು. ಹೆಡ್‌ಮಾಸ್ಟರ್ ಮಧ್ಯಾಹ್ನದ ಹೊತ್ತು ಗ್ರಂಥಾಲಯಕ್ಕೆ ಹೋಗುತ್ತಾರೆ. ಅವರು ಆಚೆ ಹೋದ ಮೇಲೆ ಎಷ್ಟು ಬೇಕಾದರೂ ಜೋರಾಗಿ ನುಡಿಸಿಕೋ, ಅವರು ಬರುವಷ್ಟರಲ್ಲಿ ಬಂದ್ ಮಾಡು ಅಂತ. ನಾನೂ ಅಂಗಡಿಯಲ್ಲಿ ಪಾಳಿ ಬದಲಿಸಿಕೊಂಡೆ. ನೀನು ಹೇಳಿದ ಹಾಗೆ ನಾಬ್ ಅರ್ಧಕ್ಕಿಟ್ಟೆ. ನೀನು ಹೇಳಿದ್ದು ನಿಜ ಕಣಮ್ಮ, ಆಗ ಸಿಕ್ಕಿತು ಅದರ ದನಿ. ಒಂದೇ ತಂತಿ ಎಳೆದರೆ ಎದೆಯೊಳಗೆ ಬಂದು ನಿಲ್ಲುತ್ತದೆ.

ಇನ್ನೊಂದು ವಿಷಯ. ಹೇಳಲೋ ಬೇಡವೋ ಅಂತ ಇಷ್ಟು ದಿನ ತಳ್ಳಿದೆ. ನಾನು ಒಬ್ಬನೇ ಇಲ್ಲ. ಆರು ವರ್ಷದ ಹಿಂದೆ ಇನ್ನೊಬ್ಬಳ ಜೊತೆ ಸಂಸಾರ ಕಟ್ಟಿಕೊಂಡೆ. ಅವಳು ಇಲ್ಲಿನ ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂರುತ್ತಾಳೆ, ಮಧ್ಯಾಹ್ನ ಹೋದರೆ ಬರುವುದು ಸಂಜೆಯ ಮೇಲೆ. ನಿನಗೆ ಒಬ್ಬ ತಂಗಿ ಇದ್ದಾಳೆ. ನಾಲ್ಕು ವರ್ಷ. ಚಿನಕುರುಳಿ ಅಂತ ಕರೆಯುತ್ತೇವೆ. ಅವಳು ಹುಟ್ಟಿದ ಮೇಲೆಯೇ ನನಗೆ ಮತ್ತೆ ಗಿಟಾರಿನ ನೆನಪು ಬಂದದ್ದು.

ನಾನು ನುಡಿಸುವಾಗ ಪೆಟ್ಟಿಗೆಯ ಮೇಲೆ ಕೂರಿಸಿಕೊಳ್ಳುತ್ತೇನೆ. ಇಳಿಯುವುದೇ ಇಲ್ಲ ಅನ್ನುತ್ತಾಳೆ. "ಅಪ್ಪಾ, ಹೊಟ್ಟೇಲಿ ಇರುವೆ ಓಡ್ತಿದೆ" ಅಂತ ಕಿರುಚಿ ನಗುತ್ತಾಳೆ. ಆಮೇಲೆ ಅದರ ಮೇಲೇ ಕಿವಿ ಒತ್ತಿ ಮಲಗಿಬಿಡುತ್ತಾಳೆ. ನೀನೂ ಹಾಗೇ ಮಾಡುತ್ತಿದ್ದೆ, ನೆನಪಿದೆಯೇ? ನೋಡುತ್ತಾ ನನಗೆ ಕಣ್ಣು ತುಂಬಿ ಬಂತು.

ಹೆಡ್‌ಮಾಸ್ಟರ್ ಮನೆಯಲ್ಲಿರುವಾಗ ಸದ್ದೇ ಇಲ್ಲದೆ ಕೈ ಓಡಿಸಲು ದಾರಿ ಇದೆಯೇ? ಹಿಂದೆ ಹೆಡ್‌ಫೋನ್ ಹಾಕುವಂಥ ಒಂದು ತೂತು ಕಾಣುತ್ತದೆ.

ನಿನ್ನ ಅಪ್ಪ


ಮಾರ್ಚ್ ೨೫

ಚಿಕ್ಕಮ್ಮ,

ಅವನಿಗೊಂದು ಮಗು ಇದೆ. ಹೆಣ್ಣು, ನಾಲ್ಕು ವರ್ಷ. ನೂರು ವ್ಯಾಟಿನ ಪೆಟ್ಟಿಗೆಯ ಮೇಲೆ ಕೂರಿಸಿ ನಾಬ್ ಅರ್ಧಕ್ಕಿಟ್ಟು ನುಡಿಸುತ್ತಿದ್ದಾನೆ. ಅರ್ಧಕ್ಕಿಡಿ ಅಂತ ಬರೆದವಳು ನಾನು.

ಕಾಗದ ಓದಿದಾಗ ಗಿರಾಕಿಯೊಬ್ಬ ಎದುರಿಗೆ ನಿಂತಿದ್ದ. ಏನೋ ಕೇಳಿದ, ನನಗೆ ಬಲಗಿವಿಯಲ್ಲೂ ಕೇಳಿಸಲಿಲ್ಲ. ಅಂಗಡಿಯ ಬಾಗಿಲೆಳೆದು ಕೂತೆ. ನೆನಪಿದೆಯೇ ಅಂತ ಕೇಳುತ್ತಾನೆ ಚಿಕ್ಕಮ್ಮ, ನನ್ನನ್ನು! ಕಣ್ಣು ತುಂಬಿ ಬಂತಂತೆ! ಕೈಗೆ ಸಿಕ್ಕಿದ್ದರೆ ಬೆಸುಗೆಯ ಕಡ್ಡಿಯನ್ನು ಆ ಕಣ್ಣಿಗೇ ಇಡುತ್ತಿದ್ದೆ.

ಬೇಡ ಅಂತ ಬರೆದರೆ ನಿಲ್ಲಿಸುವ ಜಾತಿಯಲ್ಲ ಅವನು. ಅಮ್ಮ ಹೇಳಿದ್ದನ್ನು ಕೇಳಿದನೇ? "ಮಗುವಿಗೇ ಇಷ್ಟ" ಅನ್ನುತ್ತಾನೆ. ಮನುಷ್ಯರ ಮಾತನ್ನು ಅವನು ಯಾವತ್ತೂ ಕೇಳಿದವನಲ್ಲ. ಆಂಪಿನ ವಿಷಯದಲ್ಲಿ ಮಾತ್ರ ನನ್ನನ್ನು ನಂಬುತ್ತಾನೆ. ಸರಿ, ಆ ದಾರಿಯಲ್ಲೇ ಹೋಗುತ್ತೇನೆ.

ಸ್ಪೀಕರಿನ ತಂತಿ ಕಿತ್ತು ವಾಲ್ವ್ ಆಂಪನ್ನು ಜೋರಾಗಿ ನುಡಿಸಬಾರದು. ಒಳಗಿನ ಕರೆಂಟಿಗೆ ಹೋಗಲು ದಾರಿ ಇಲ್ಲದೆ ಅದು ತನ್ನದೇ ಟ್ರಾನ್ಸ್‌ಫಾರ್ಮರನ್ನು ಸುಡುತ್ತದೆ. ನಮ್ಮ ಅಂಗಡಿಗೆ ಬರುವ ಸುಟ್ಟ ಟ್ರಾನ್ಸ್‌ಫಾರ್ಮರುಗಳಲ್ಲಿ ಅರ್ಧ ಇದೇ ತಪ್ಪಿನವು. ಅವನಿಗೆ ಗೊತ್ತಿರಲಾರದು. ಅವನ ಹಳೆಯ ಆಂಪ್ ಟ್ರಾನ್ಸಿಸ್ಟರಿನದು, ಅದಕ್ಕೆ ಸ್ಪೀಕರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸದ್ದಿಲ್ಲದೆ ನುಡಿಸುವುದು ಹೇಗೆ ಅಂತ ಅವನೇ ಕೇಳಿದ್ದಾನೆ. ಹೇಳಿಕೊಡುತ್ತೇನೆ.

ಅವನ ಜೀವವೇ ಅದರಲ್ಲಿದೆ ಈಗ. ಅದನ್ನೇ ಸುಡುತ್ತೇನೆ. ಮಗುವೂ ಉಳಿಯುತ್ತದೆ.

ಕಿವುಡಿ


ಮಾರ್ಚ್ ೨೫

ಮಾನ್ಯರೇ,

ಸದ್ದಿಲ್ಲದೆ ನುಡಿಸುವುದು ಸುಲಭ. ಆಂಪಿನಿಂದ ಪೆಟ್ಟಿಗೆಗೆ ಹೋಗುವ ದಪ್ಪ ತಂತಿಯನ್ನು ಕಿತ್ತು ಪಕ್ಕಕ್ಕಿಡಿ. ನೀವು ಹೇಳಿದ ತೂತಿಗೆ ಹೆಡ್‌ಫೋನ್ ಹಾಕಿ. ಗೇನ್ ಪೂರ್ತಿ, ವಾಲ್ಯೂಮ್ ಪೂರ್ತಿ ಇಡಿ, ಇಲ್ಲದಿದ್ದರೆ ಹೆಡ್‌ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಕೆಳಮನೆಯವರಿಗೆ ಸೊಳ್ಳೆಯಷ್ಟೂ ಸದ್ದು ಹೋಗದು.

ಆ ಹೊತ್ತಿನಲ್ಲಿ ಮಗು ಕೋಣೆಯಲ್ಲಿ ಇರಬಾರದು. ಬಾಗಿಲು ಹಾಕಿಕೊಳ್ಳಿ. ಇದೊಂದನ್ನು ಮಾತ್ರ ಮರೆಯಬೇಡಿ.

ಇವತ್ತೇ ಮಾಡಿ ನೋಡಿ.

ವೈಂಡಿಂಗ್ ಅಂಗಡಿಯವಳು


ಏಪ್ರಿಲ್ ೧

ಲೇ ಹುಚ್ಚಿ,

ನಿನಗೇನಾದರೂ ತಲೆ ಕೆಟ್ಟಿದೆಯಾ? ಮನೆಗೆ ಬೆಂಕಿ ಹತ್ತಿದರೆ? ಫ್ಯೂಸ್ ಹೋಗುತ್ತದೆ, ಹೊಗೆ ಬಂದು ನಿಲ್ಲುತ್ತದೆ ಅಂತ ನಿನ್ನ ಶಾಸ್ತ್ರ ಹೇಳಬಹುದು. ನನಗೆ ಗೊತ್ತಿರುವುದು ಬಟ್ಟೆಯ ಶಾಸ್ತ್ರ, ಕತ್ತರಿ ಹಾಕಿದ ಮೇಲೆ ಅಯ್ಯೋ ಅಂದರೆ ಕೂಡಿಕೊಳ್ಳುವುದಿಲ್ಲ.

ಹೌದು, ನಾನೇ ಬರೆ ಬರೆ ಅಂತ ಕುಣಿದೆ. ಅವನು ಒಬ್ಬನೇ ಇದ್ದಾನೆ ಅಂದುಕೊಂಡು ಕುಣಿದದ್ದು. ಆ ಕೂಸೇನು ಮಾಡಿತ್ತು ನಮಗೆ? ಡಾಕ್ಟರ ಹತ್ತಿರ ನಿನ್ನನ್ನು ಕರೆದುಕೊಂಡು ಹೋದ ದಿನ ನೀನು ದಾರಿಯುದ್ದಕ್ಕೂ ನನ್ನ ಸೆರಗು ಬಿಡಲಿಲ್ಲ. ಆ ಕೂಸಿಗೂ ಯಾರದ್ದಾದರೂ ಸೆರಗು ಇರುತ್ತದಲ್ಲ, ಅವಳಿಗೆ ಬರೆ. ನೇರವಾಗಿ ತಾಯಿಗೆ ಬರೆ. ಸೇಡು ಗೀಡು ಆಮೇಲೆ.

ಚಿಕ್ಕಮ್ಮ


ಏಪ್ರಿಲ್ ೧೧

ಮಗಳೇ,

ಆಂಪ್ ಸುಟ್ಟುಹೋಯಿತು.

ನಿನ್ನ ಕಾಗದ ಬಂದ ದಿನ ಅಂಗಡಿಯಲ್ಲಿ ಮಾಲು ಇಳಿಸುವುದಿತ್ತು, ಆಮೇಲೆ ಹೆಡ್‌ಮಾಸ್ಟರ್ ಊರಿನಲ್ಲಿರಲಿಲ್ಲ. ಹಾಗಾಗಿ ಮೊನ್ನೆಯವರೆಗೂ ಪೆಟ್ಟಿಗೆಯಲ್ಲೇ ನುಡಿಸಿದೆ. ಮೊನ್ನೆ ನೀನು ಹೇಳಿದ ಹಾಗೆ ತಂತಿ ಕಿತ್ತು, ಎಲ್ಲವನ್ನೂ ಪೂರ್ತಿಗಿಟ್ಟು, ಬಾಗಿಲು ಹಾಕಿಕೊಂಡು ಕೂತೆ. ಒಂದು ಹಾಡು ಮುಗಿದಿರಲಿಲ್ಲ. ಒಳಗೆ ಟಪ್ ಅಂತ ಸದ್ದು, ನೀಲಿ ಬೆಳಕು, ಆಮೇಲೆ ಕಮಟು ವಾಸನೆ. ಕೋಣೆಯ ತುಂಬ ಹೊಗೆ. ಚಿನಕುರುಳಿ ಆಚೆಯಿಂದ ಬಾಗಿಲು ಬಡಿಯುತ್ತಿದ್ದಳು.

ಮಾರಿದ ಅಂಗಡಿಯವನ ಹತ್ತಿರ ಹೊತ್ತೊಯ್ದೆ. ಅವನು ನಕ್ಕುಬಿಟ್ಟ. "ಸ್ಪೀಕರ್ ಕಿತ್ತು ನುಡಿಸಬಾರದು ಅಂತ ಈ ಕಸುಬಿನಲ್ಲಿ ಕಸ ಗುಡಿಸೋನಿಗೂ ಗೊತ್ತು. ಯಾರ್ರೀ ನಿಮಗೆ ಹೇಳಿಕೊಟ್ಟಿದ್ದು?" ಅಂದ. "ಯಾರೂ ಇಲ್ಲ, ನನ್ನದೇ ಬುದ್ಧಿ" ಅಂದೆ.

ಟ್ರಾನ್ಸ್‌ಫಾರ್ಮರನ್ನು ಬಿಚ್ಚಿಸಿ ಪಾರ್ಸೆಲ್ ಮಾಡಿದ್ದೇನೆ. ನಿನ್ನ ಕೈಯಿಂದಲೇ ಸುತ್ತಿಸಬೇಕು ಅಂತ ಆಸೆ. ಅದಕ್ಕೂ ಮೊದಲು ಒಂದು ಮಾತು. ನೀನು ಗೊತ್ತಿಲ್ಲದೆ ಬರೆದೆಯೋ, ಗೊತ್ತಿದ್ದು ಬರೆದೆಯೋ? ಗೊತ್ತಿಲ್ಲದೆ ಅಂತ ಬರೆದುಬಿಡು. ನಂಬುತ್ತೇನೆ.

ಅಪ್ಪ


ಏಪ್ರಿಲ್ ೧೭

ಅಪ್ಪಾ,

ಗೊತ್ತಿದ್ದೇ ಬರೆದೆ. ದೊಡ್ಡದು ತೆಗೆದುಕೋ ಅಂದದ್ದೂ ಗೊತ್ತಿದ್ದೇ, ಅರ್ಧಕ್ಕಿಡು ಅಂದದ್ದೂ ಗೊತ್ತಿದ್ದೇ. ನಂಬುತ್ತೇನೆ ಅಂತ ದೊಡ್ಡ ಮನಸ್ಸು ಮಾಡಲು ಬರಬೇಡ, ನಿನ್ನ ಔದಾರ್ಯ ನನಗೆ ಬೇಕಿಲ್ಲ.

ನನಗೆ ಎಡಗಿವಿ ಕೇಳಿಸುವುದಿಲ್ಲ. ನೀನು ಮನೆ ಬಿಟ್ಟ ವರ್ಷ ಶಾಲೆಯಲ್ಲಿ ಟೀಚರ್ ಕಂಡುಹಿಡಿದರು, ಎಡಗಡೆಯಿಂದ ಕರೆದರೆ ಈ ಹುಡುಗಿ ತಿರುಗುವುದಿಲ್ಲ ಅಂತ. ಅಹಂಕಾರ ಅಂದುಕೊಂಡು ಎರಡು ಸಲ ಹೊಡೆದ ಮೇಲೆ ಗೊತ್ತಾಯಿತು ಅವರಿಗೆ. ಅದು ನಿನ್ನ ಪೆಟ್ಟಿಗೆಯ ಮೇಲೆ ಹೋದ ಕಿವಿ. ಅಮ್ಮ ಬೇಡ ಬೇಡ ಅಂತ ಬಡಿದುಕೊಂಡಳು. ಅವಳ ಮಾತು ಕೇಳಿಸದಿದ್ದರೆ ಇರಲಿ ಅಂತ ಬಿಡುತ್ತಿದ್ದೆ. ನಿನಗೆ ಕೇಳಿಸಿತ್ತು. ಕೇಳಿಸಿಯೂ ನಾಬ್ ಏರಿಸಿದೆ.

ನಿನ್ನ ಟ್ರಾನ್ಸ್‌ಫಾರ್ಮರ್ ಬಂತು. ಬಿಚ್ಚಿದೆ. ಒಳಗೆಲ್ಲ ಕರಕಲು. ಒಳ್ಳೆಯ ಕೆಲಸ ಮಾಡಿದ್ದೇನೆ ಅನ್ನಿಸಿತು, ಹೀಗೆ ಸುಡಿಸಲು ನನಗಿಂತ ಚೆನ್ನಾಗಿ ಯಾರಿಗೂ ಬರುವುದಿಲ್ಲ. ತಂತಿಯನ್ನು ಗುಜರಿಗೆ ಹಾಕಿದೆ. ಸುತ್ತಿ ಕೊಡುವುದಿಲ್ಲ. ಈ ಊರಿನಲ್ಲಿ, ಆ ಊರಿನಲ್ಲಿ, ನನಗೆ ಗೊತ್ತಿರುವ ಯಾವ ವೈಂಡಿಂಗ್ ಅಂಗಡಿಯವರೂ ಸುತ್ತಿಕೊಡದ ಹಾಗೆ ಮಾಡುತ್ತೇನೆ.

ಇದೇ ಅಂಚೆಯಲ್ಲಿ ನಿನ್ನ ಹೆಂಡತಿಗೂ ಒಂದು ಕಾಗದ ಹಾಕಿದ್ದೇನೆ, ಕಣ್ಣಿನ ಆಸ್ಪತ್ರೆಯ ಕೌಂಟರಿಗೆ. ಮನೆಗೆ ಹಾಕಿದರೆ ನೀನು ಬಚ್ಚಿಟ್ಟುಬಿಡುತ್ತೀಯ. ನನ್ನ ಕಿವಿಯ ಕಥೆ ಬರೆದಿದ್ದೇನೆ. ನೀನು ನಮ್ಮನ್ನು ಬಿಟ್ಟುಹೋದ ದಿನ ಯಾವ ಅಂಗಿ ಹಾಕಿದ್ದೆ ಅಂತಲೂ ಬರೆದಿದ್ದೇನೆ. ಮಗುವಿನ ಕಿವಿ ಪರೀಕ್ಷೆ ಮಾಡಿಸಿ ಅಂತ ಕೇಳಿಕೊಂಡಿದ್ದೇನೆ. ಇನ್ನು ನೀನು ಮನೆಗೆ ಹೋದಾಗ ಬಾಗಿಲು ತೆರೆಯುವವಳಿಗೆ ನೀನು ಯಾರು ಅಂತ ಗೊತ್ತಿರುತ್ತದೆ. ನನಗೆ ಬೇಕಾಗಿದ್ದದ್ದು ಇದೇ. ಮನೆ ಬಿಡಿಸುವುದಕ್ಕಿಂತ ಇದು ವಾಸಿ, ಅಲ್ಲೇ ಇದ್ದು ಅನುಭವಿಸು.

ನಿನ್ನ ಮಗಳು


ಮೇ ೧೫

ನಿಮ್ಮನ್ನು ಏನಂತ ಕರೆಯಬೇಕೋ ತಿಳಿಯದೆ ಹೀಗೇ ಶುರುಮಾಡುತ್ತಿದ್ದೇನೆ.

ನಿಮ್ಮ ಕಾಗದ ಆಸ್ಪತ್ರೆಯಲ್ಲಿ ನನ್ನ ಕೈಗೆ ಬಂತು. ಕೌಂಟರಿನ ಮುಂದೆ ಸಾಲು ನಿಂತಿತ್ತು, ಆದರೂ ಅಲ್ಲೇ ಓದಿದೆ. ನೀವು ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ ಅಂತ ಮನೆಗೆ ಹೋಗಿ ಅವರ ಮುಖ ನೋಡಿದಾಗ ಗೊತ್ತಾಯಿತು. ಆ ದಿನದಿಂದ ಅವರ ಜೊತೆ ನಾನು ಬೇಕಾದಷ್ಟು ಮಾತ್ರ ಮಾತಾಡುತ್ತೇನೆ. ಅವರು ಊಟದ ತಟ್ಟೆ ತೊಳೆದಿಟ್ಟು ಆಚೆ ಮೆಟ್ಟಿಲ ಮೇಲೆ ಹೋಗಿ ಕೂರುತ್ತಾರೆ. ನಿಮಗೆ ಬೇಕಾಗಿದ್ದದ್ದು ಆಗಿದೆ, ಅದನ್ನು ತಿಳಿಸಬೇಕಿತ್ತು.

ಇನ್ನೊಂದನ್ನೂ ತಿಳಿಸಬೇಕು. ಜನವರಿಯಲ್ಲಿ ಎರಡರಲ್ಲಿ ಯಾವುದು ಅಂತ ಅವರು ಮೊದಲು ಕೇಳಿದ್ದು ನನ್ನನ್ನು. "ಚಿಕ್ಕದು ಸಾಕು" ಅಂದೆ. ಅವರೂ ಒಪ್ಪಿದ್ದರು, ನಿಮ್ಮ ಉತ್ತರ ಬರದಿದ್ದರೆ ಅದೇ ಅಂತ ಅಂಗಡಿಯವನಿಗೆ ಹೇಳಿಯೂ ಬಂದಿದ್ದರು. ಆಮೇಲೆ ನಿಮ್ಮ ಕಾಗದ ಬಂತು. "ನನ್ನ ಮಗಳು ಹೇಳಿದ್ದಾಳೆ ಕಣೇ, ಅವಳಿಗೆ ಗೊತ್ತಿರೋದು ಯಾರಿಗೂ ಗೊತ್ತಿಲ್ಲ" ಅಂತ ಕುಣಿದುಕೊಂಡು ಹೋಗಿ ದೊಡ್ಡದನ್ನು ತಂದರು. ಚಿಕ್ಕದನ್ನು ನಾನು ಅಂಗಡಿಯಲ್ಲಿ ನೋಡಿದ್ದೆ. ಹೊಲಿಗೆ ಪೆಟ್ಟಿಗೆಯಷ್ಟಿತ್ತು. ಅದರ ಮೇಲೆ ಮಗು ಕೂರಲು ಜಾಗವೇ ಇರಲಿಲ್ಲ.

ಮಗುವಿನ ಕಿವಿ ತೋರಿಸಿದೆವು. ಬಲಗಿವಿ ಅರ್ಧ ಹೋಗಿದೆ. ಎಡಗಿವಿ ಪರವಾಗಿಲ್ಲ ಅಂದರು. ಹೋದದ್ದು ಬರುವುದಿಲ್ಲವಂತೆ. "ಯಾರು ಕೂರಿಸಿದ್ದು?" ಅಂತ ಡಾಕ್ಟರು ಕೇಳಿದಾಗ ಅವರು "ನಾನೇ" ಅಂದರು. ನಿಮ್ಮ ಹೆಸರು ಅವರ ಬಾಯಿಂದ ಬರಲಿಲ್ಲ. ನಾನಾಗಿದ್ದರೆ ಹೇಳುತ್ತಿದ್ದೆ.

ಒಂದು ವಾರದಿಂದ ಅವಳಿಗೆ ಮನೆಯಲ್ಲಿ ಯಾರೋ ನಲ್ಲಿ ತೆರೆದಿಟ್ಟ ಹಾಗೆ ಕೇಳಿಸುತ್ತದೆ. ಬೆಳಿಗ್ಗೆ ಎದ್ದವಳೇ ಬಚ್ಚಲಿಗೆ ಓಡಿ ಸ್ಟೂಲು ಹತ್ತಿ ನಲ್ಲಿ ತಿರುಗಿಸಿ ತಿರುಗಿಸಿ ಬಿಗಿಮಾಡುತ್ತಾಳೆ. ಅಡುಗೆಮನೆಯದನ್ನೂ ಮಾಡುತ್ತಾಳೆ. "ಇನ್ನೂ ನಿಂತಿಲ್ಲ ಅಮ್ಮಾ" ಅಂತ ಅಳುತ್ತಾಳೆ. ಅದು ನಲ್ಲಿಯಲ್ಲ, ನಿಲ್ಲುವುದೂ ಇಲ್ಲ ಅಂತ ನಾಲ್ಕು ವರ್ಷದ ಮಗುವಿಗೆ ಹೇಗೆ ಹೇಳುವುದೋ ನನಗೆ ತಿಳಿಯುತ್ತಿಲ್ಲ, ಅವರಿಗೂ ತಿಳಿಯುತ್ತಿಲ್ಲ. ನಮ್ಮ ಪೈಕಿ ಅದು ಗೊತ್ತಿರುವವರು ನೀವೊಬ್ಬರೇ.

ಬಂದು ನೀವೇ ಹೇಳಿ.

ಮಗುವಿನ ತಾಯಿ